ಓಕೆ ಒತ್ತುವ ಮುಂಚೆ...

ವೆಬ್ ಅಪ್ಲಿಕೇಶನ್ ಬರೆಯೋರಿಗೆಲ್ಲ ಒಂದು ಚಿಕ್ಕ ಡಬ್ಬಿ ಗೊತ್ತು. ಜಾವಾಸ್ಕ್ರಿಪ್ಟ್‌ನಲ್ಲಿ ಒಂದು ಸಾಲು ಬರೆದರೆ ಸಾಕು, "ಆರ್ ಯು ಶೂರ್?" ಅಂತ ಪರದೆ ಮೇಲೆ ಬಂದು ಕೂರುತ್ತೆ. ಓಕೆ ಒತ್ತಿದರೆ ಡೇಟಾಬೇಸಿನಲ್ಲಿ ದಾಖಲೆ ಬದಲಾಯ್ತು. ಬಳಕೆದಾರರನ್ನ ಕೇಳಿಯೇ ಮಾಡಿದ್ದೀವಿ ಅಂತ ನಾವು ಟೀ ಕುಡಿಯೋಕೆ ಹೊರಡ್ತೀವಿ :)

ಆದ್ರೆ ಕೇಳಿದ್ದು ಯಾರನ್ನ? ದಿನಕ್ಕೆ ನೂರು ಸಲ ಆ ಡಬ್ಬಿ ನೋಡೋರ ಬೆರಳು ಓದದೇನೇ ಓಕೆಗೆ ಹೋಗುತ್ತೆ. ದಾಖಲೆಯಲ್ಲಿ ಹೆಸರಿರೋ ಮನುಷ್ಯ ಎಲ್ಲೋ ಇರ್ತಾನೆ, ಅವನಿಗೆ ಸುದ್ದಿಯೇ ಇಲ್ಲ.

ಈ ವಿಷಯದಲ್ಲಿ ನಮ್ಮ ಪಹಣಿ ವ್ಯವಸ್ಥೆ ಎಷ್ಟೋ ವಾಸಿ ಅನ್ಸುತ್ತೆ. 2000ದ ಆಸುಪಾಸಿನಲ್ಲಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ ಕಂದಾಯ ಇಲಾಖೆ 'ಭೂಮಿ' ಯೋಜನೆ ತಂತಲ್ಲ, ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿ ಕಂಪ್ಯೂಟರಿಗೆ ಹೋದವು. ತಾಲೂಕು ಕಚೇರಿಯ ಕೌಂಟರಿನಲ್ಲಿ ರೈತರ ಕಡೆ ಮುಖ ಮಾಡಿ ಎರಡನೇ ಪರದೆ ಇಟ್ಟರು. ಒಳಗೆ ಏನು ಟೈಪ್ ಮಾಡ್ತಿದ್ದಾರೆ ಅಂತ ಹೊರಗೆ ನಿಂತೋರಿಗೂ ಕಾಣಲಿ ಅಂತ. ಇನ್ನು ಖಾತೆ ಬದಲಾವಣೆ ಆಗಬೇಕಾದ್ರೆ ಸಂಬಂಧಪಟ್ಟೋರಿಗೆಲ್ಲ ನೋಟಿಸ್ ಕೊಡಬೇಕು, ತಕರಾರಿಗೆ ಸಮಯ ಬಿಡಬೇಕು. ಮೂಲ ನಿಯಮದಲ್ಲಿ ಅದು 30 ದಿನ. ಈಚೆಗೆ ನೋಂದಣಿಯಾದ ವ್ಯವಹಾರಗಳಿಗೆ ಈ ಅವಧಿ ಕಡಿಮೆ ಮಾಡಿದ್ದಾರೆ.

ನಮ್ಮೂರು ಕನಕಪುರದ ಕಡೆ. ತಾತ ತೀರಿಕೊಂಡ ಮೇಲೆ ಅಪ್ಪ, ಚಿಕ್ಕಪ್ಪ ಇಬ್ಬರ ಹೆಸರಿಗೆ ಪೌತಿ ಖಾತೆ ಮಾಡಿಸೋಕೆ ಅರ್ಜಿ ಹಾಕಿದ್ರು. ವಂಶವೃಕ್ಷದಲ್ಲಿ ಹೆಸರಿದ್ದಿದ್ದರಿಂದ ಚನ್ನಪಟ್ಟಣಕ್ಕೆ ಕೊಟ್ಟಿರೋ ಅತ್ತೆಗೂ ನೋಟಿಸ್ ಹೋಯ್ತು.

"ಒಪ್ಗೆ ಅಂತ ಒಂದು ಸಹಿ ಹಾಕ್ಬುಡಕ್ಕ," ಅಂದ್ರು ಚಿಕ್ಕಪ್ಪ.

"ಅದ್ರಲ್ಲಿ ಏನ್ ಬರ್ದವ್ರೆ, ಓದ್ ಮಗ," ಅಂತ ಅತ್ತೆ ಕಾಗದಾನ ನನ್ನ ಕೈಗೆ ಕೊಟ್ರು. ಓದಿದೆ. ಈಗಿರೋದು ತಾತನ ಹೆಸರು, ಮುಂದೆ ಬರೋದು ಇಬ್ಬರ ಹೆಸರು. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪಂಗೆ ನಾವು ಮೂರ್ ಜನ ಅಲ್ವಾ?" ಅಂದ್ರು. ಸಹಿ ಹಾಕಲಿಲ್ಲ.

ಹೆಣ್ಣುಮಕ್ಕಳಿಗೂ ಸಮಪಾಲು ಅಂತ 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಹೇಳುತ್ತೆ. ಆದ್ರೆ ಅವತ್ತು ಕೆಲಸಕ್ಕೆ ಬಂದಿದ್ದು ಆ ಒಂದು ಹಾಳೆ ಮತ್ತು ಕೈಯಲ್ಲಿದ್ದ ಆ ದಿನಗಳು. ಇವತ್ತು ಪಹಣಿಯಲ್ಲಿ ಮೂರು ಹೆಸರಿವೆ. ಚಿಕ್ಕಪ್ಪ ಮಾತ್ರ ಒಂದು ವರ್ಷ ಅತ್ತೆ ಮನೆ ಕಡೆ ತಲೆ ಹಾಕಲಿಲ್ಲ.

ಎಲ್ಲ ಅಪ್‌ಡೇಟಿಗೂ ಇಷ್ಟೆಲ್ಲ ಬೇಕು ಅಂತಲ್ಲ. 2007ರಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೇರಿ ರಾಮನಗರ ಜಿಲ್ಲೆ ಆಯ್ತು. 2025ರ ಮೇ ತಿಂಗಳಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಅಂತ ಹೆಸರಿಡೋ ತೀರ್ಮಾನ ಆಯ್ತು. ಊರಲ್ಲಿ ಇದರ ಬಗ್ಗೆ ಬೇಕಾದಷ್ಟು ಜಗಳ ಇರಬಹುದು, ಆದ್ರೆ ಹೆಸರು ಬದಲಾಯ್ತು ಅಂತ ಯಾರ ಹೊಲವೂ ಒಂದು ಗುಂಟೆ ಕಮ್ಮಿ ಆಗಲ್ಲ. ಖಾತೆದಾರರ ಹೆಸರು ಬದಲಾದ್ರೆ ಹಾಗಲ್ಲ. ಎಲ್ಲದಕ್ಕೂ ಡಬ್ಬಿ ತೋರಿಸ್ತಾ ಹೋದ್ರೆ ನಿಜವಾಗಿ ಬೇಕಾದ ಕಡೆ ಅದನ್ನ ಯಾರೂ ಓದಲ್ಲ.

ಹಾಗಾಗಿ ಈಗ ನಾನು ಬರೆಯೋ ಪುಟಗಳಲ್ಲಿ ಹಳೇದು ಏನಿತ್ತು, ಹೊಸದು ಏನಾಗುತ್ತೆ ಅಂತ ಅಕ್ಕಪಕ್ಕ ತೋರಿಸ್ತೀನಿ. ಗುಂಡಿ ಮೇಲೆ ಓಕೆ ಬದಲು "ಹೆಸರು ಬದಲಾಯಿಸಿ" ಅಂತ ಬರೀತೀನಿ. ನೋಡೋದಕ್ಕೂ ಒತ್ತೋದಕ್ಕೂ ಮಧ್ಯೆ ಬೇರೆ ಯಾರಾದ್ರೂ ಅದೇ ದಾಖಲೆ ತಿದ್ದಿದ್ರೆ, ಉಳಿಸದೆ ಮತ್ತೆ ತೋರಿಸ್ತೀನಿ. ದಾಖಲೆ ಇನ್ನೊಬ್ಬರದಾದ್ರೆ ಅವರಿಗೆ ತಿಳಿಸಿ, ಅವರು ಬೇಡ ಅಂದ್ರೆ ಅದಕ್ಕೂ ಒಂದು ಜಾಗ ಇಡ್ತೀನಿ. ಕಂದಾಯದೋರ ತಕರಾರು ರಿಜಿಸ್ಟರ್ ಇದ್ದ ಹಾಗೆ.

ಕೋಡ್ ನಾಲ್ಕು ಸಾಲು ಜಾಸ್ತಿ ಆಗುತ್ತೆ. ನೀವು ಹೇಗೆ ಮಾಡ್ತೀರಿ? ಕಾಮೆಂಟಿನಲ್ಲಿ ತಿಳಿಸಿ.