ಕಂಪನಿ ಹೋಯಿತು, ಜೀಪು ಉಳಿಯಿತು

ನಮ್ಮ ಹಿರೀಸಾವೆ ಸೀಮೆಯಲ್ಲಿ ತಾಡಪಾಲು ಹೊದಿಸಿದ, ಹಿಂದುಗಡೆಯಿಂದ ಹತ್ತುವ ಯಾವ ಗಾಡಿ ಬಂದರೂ ಅದು ಜೀಪೇ. ಅದನ್ನು ತಯಾರಿಸಿದವರು ಯಾರು ಎಂದು ಯಾರೂ ಕೇಳುವುದಿಲ್ಲ. ನಾನು ಹುಡುಗನಾಗಿದ್ದಾಗ ಸರ್ಕಾರವೆಂಬುದು ಊರಿಗೆ ಬರುತ್ತಿದ್ದುದೇ ಜೀಪಿನಲ್ಲಿ. ಬಿ.ಡಿ.ಓ. ಸಾಹೇಬರು, ಪೊಲೀಸರು, ಲಸಿಕೆ ಹಾಕುವವರು ಎಲ್ಲರದೂ ಅದೇ ವಾಹನ. ಲಸಿಕೆ ಜೀಪು ಬಂತೆಂದರೆ ನಾವು ತೆಂಗಿನ ತೋಟದ ಕಡೆ ಓಡುತ್ತಿದ್ದೆವು; ಸಿನಿಮಾ ಪ್ರಚಾರದ ಜೀಪು ಬಂತೆಂದರೆ ಅದರ ಹಿಂದೆ ಓಡುತ್ತಿದ್ದೆವು.

ಹೋದ ವರ್ಷ ಒಂಬತ್ತನೇ ತರಗತಿಯಲ್ಲಿ ಘರ್ಷಣೆಯ ಪಾಠ ಮಾಡುವಾಗ ಒಬ್ಬ ಹುಡುಗಿ, "ಸಾರ್, ಜೀಪು ಕಂಡುಹಿಡಿದವರು ಯಾರು?" ಎಂದಳು. ಸಣ್ಣ ಪ್ರಶ್ನೆ. ಆದರೆ ಅದರ ಉತ್ತರದಲ್ಲಿ ಸತ್ತುಹೋದ ಒಂದಲ್ಲ, ಮೂರು ನಾಲ್ಕು ಕಂಪನಿಗಳ ಕಥೆಯಿದೆ.

ಅಮೆರಿಕದ ಓಹಾಯೋ ರಾಜ್ಯದ ಟೊಲಿಡೊ ನಗರದಲ್ಲಿ ವಿಲ್ಲೀಸ್-ಓವರ್‌ಲ್ಯಾಂಡ್ ಎಂಬ ಕಾರು ಕಂಪನಿಯಿತ್ತು. ಅದನ್ನು ಕಟ್ಟಿದ ಜಾನ್ ನಾರ್ತ್ ವಿಲ್ಲೀಸ್ ಮೊದಲು ಸೈಕಲ್ ವ್ಯಾಪಾರಿ. 1910ರ ದಶಕದಲ್ಲಿ ಅಮೆರಿಕದಲ್ಲಿ ಫೋರ್ಡ್ ಬಿಟ್ಟರೆ ಅತಿ ಹೆಚ್ಚು ಕಾರು ಮಾರುತ್ತಿದ್ದುದು ಇದೇ ಕಂಪನಿ. ಆಮೇಲೆ ಆರ್ಥಿಕ ಕುಸಿತ ಬಂತು. 1933ರಲ್ಲಿ ಕಂಪನಿ ದಿವಾಳಿಯ ಅಂಚಿಗೆ ಬಂದು ನಿಂತಿತು.

1940ರಲ್ಲಿ ಯುರೋಪಿನಲ್ಲಿ ಯುದ್ಧ ನಡೆಯುತ್ತಿತ್ತು. ಕೆಸರು, ಹಳ್ಳ, ದಿಣ್ಣೆ ಯಾವುದಕ್ಕೂ ಜಗ್ಗದ ಒಂದು ಪುಟ್ಟ ಗಾಡಿ ಬೇಕೆಂದು ಅಮೆರಿಕದ ಸೈನ್ಯ 135 ತಯಾರಕರನ್ನು ಕೇಳಿತು. ಗಡುವು ಎಷ್ಟು ಬಿಗಿಯಾಗಿತ್ತೆಂದರೆ, ಮುಂದೆ ಬಂದವು ಎರಡೇ ಕಂಪನಿಗಳು: ಒಂದು ವಿಲ್ಲೀಸ್, ಇನ್ನೊಂದು ಪೆನ್ಸಿಲ್ವೇನಿಯಾದ ಬಟ್ಲರ್ ಎಂಬ ಊರಿನ ಬ್ಯಾಂಟಮ್. ಬ್ಯಾಂಟಮ್ ಬಡ ಕಂಪನಿ. ಅದಕ್ಕಾಗಿ ಕಾರ್ಲ್ ಪ್ರಾಬ್‌ಸ್ಟ್ ಎಂಬ ಎಂಜಿನಿಯರು ಕೆಲವೇ ದಿನಗಳಲ್ಲಿ ನಕ್ಷೆ ಬರೆದ. ಕೊಟ್ಟಿದ್ದ 49 ದಿನಗಳ ಗಡುವಿನೊಳಗೆ, 1940ರ ಸೆಪ್ಟೆಂಬರ್ 23ರಂದು ಮೊದಲ ಗಾಡಿ ಸೈನ್ಯದ ಅಂಗಳದಲ್ಲಿ ನಿಂತಿತ್ತು.

ಬೆಳೆದವನೊಬ್ಬ, ಉಂಡವನೊಬ್ಬ ಅನ್ನುತ್ತೇವಲ್ಲ, ಮುಂದೆ ಆದದ್ದು ಅದೇ. ಇಷ್ಟು ಸಣ್ಣ ಕಾರ್ಖಾನೆ ಸಾವಿರಾರು ಗಾಡಿ ಹೇಗೆ ಮಾಡೀತು ಎಂದು ಸೈನ್ಯಕ್ಕೆ ಅನುಮಾನ. ಬ್ಯಾಂಟಮ್‌ನ ನಕ್ಷೆಗಳನ್ನು ವಿಲ್ಲೀಸ್‌ಗೂ ಫೋರ್ಡ್‌ಗೂ ತೋರಿಸಿತು. ವಿಲ್ಲೀಸ್ ಬಳಿ 60 ಅಶ್ವಶಕ್ತಿಯ ಗಟ್ಟಿ ಎಂಜಿನ್ ಇತ್ತು. 1941ರಲ್ಲಿ ದೊಡ್ಡ ಗುತ್ತಿಗೆ ಅದಕ್ಕೇ ಸಿಕ್ಕಿತು. ಯುದ್ಧ ಮುಗಿಯುವ ಹೊತ್ತಿಗೆ ವಿಲ್ಲೀಸ್ ಸುಮಾರು 3.6 ಲಕ್ಷ, ಫೋರ್ಡ್ ಸುಮಾರು 2.8 ಲಕ್ಷ ಜೀಪು ಮಾಡಿದ್ದವು. ಮೊದಲ ಗಾಡಿ ಕಟ್ಟಿದ ಬ್ಯಾಂಟಮ್ ಮಾಡಿದ್ದು ಮೂರು ಸಾವಿರಕ್ಕೂ ಕಡಿಮೆ. ಕೊನೆಗೆ ಅದು ಜೀಪಿನ ಹಿಂದೆ ಕಟ್ಟುವ ಟ್ರೈಲರ್ ಮಾಡಿಕೊಂಡು ಕಾಲ ಹಾಕಿತು.

ಆ ಗಾಡಿಯ ಗುಟ್ಟೇನು? ಮಕ್ಕಳೇ, ನಿಮ್ಮ ಪಾಠದಲ್ಲೇ ಇದೆ. ಚಕ್ರ ನೆಲವನ್ನು ಹಿಡಿಯುವುದು ಘರ್ಷಣೆಯಿಂದ. ಘರ್ಷಣೆ ಹುಟ್ಟುವುದು ಚಕ್ರದ ಮೇಲೆ ಬೀಳುವ ಭಾರದಿಂದ. ಸಾಮಾನ್ಯ ಕಾರಿನಲ್ಲಿ ಎಂಜಿನ್ ತಿರುಗಿಸುವುದು ಎರಡೇ ಚಕ್ರಗಳನ್ನು. ಹಾಗಾಗಿ ಆ ಎರಡರ ಮೇಲಿನ ಭಾರ ಮಾತ್ರ ಎಳೆತಕ್ಕೆ ಒದಗುತ್ತದೆ. ಜೀಪಿನಲ್ಲಿ ಬೇಕೆಂದಾಗ ನಾಲ್ಕೂ ಚಕ್ರಗಳು ತಿರುಗುತ್ತವೆ. ಗಾಡಿಯ ಪೂರ್ತಿ ಭಾರ ಕೆಲಸಕ್ಕೆ ಬರುತ್ತದೆ. ಇದರ ಜೊತೆಗೆ ಇನ್ನೊಂದು ಗೇರ್ ಪೆಟ್ಟಿಗೆ. ಅದರ ಸನ್ನೆ ಹಾಕಿದರೆ ವೇಗ ಸುಮಾರು ಅರ್ಧಕ್ಕಿಳಿದು ಎಳೆಯುವ ಬಲ ಸುಮಾರು ಎರಡರಷ್ಟಾಗುತ್ತದೆ. ದಿಣ್ಣೆ ಹತ್ತುವಾಗ ಗೇರ್ ಸೈಕಲ್ಲಿನಲ್ಲಿ ನೀವು ಮಾಡುವುದೂ ಇದನ್ನೇ. ಪ್ರಕೃತಿ ಯಾವುದನ್ನೂ ಪುಕ್ಕಟೆ ಕೊಡುವುದಿಲ್ಲ; ಒಂದನ್ನು ಕೊಟ್ಟು ಇನ್ನೊಂದನ್ನು ಪಡೆಯಬೇಕು.

ಯುದ್ಧ ಮುಗಿದ 1945ರಲ್ಲೇ ವಿಲ್ಲೀಸ್ ಜೀಪನ್ನು ರೈತರ ಗಾಡಿಯಾಗಿ ಮಾರಲು ಹೊರಟಿತು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಮುಂಬಯಿಯ ಮಹೀಂದ್ರ ಕಂಪನಿ ವಿಲ್ಲೀಸ್ ಜೀಪಿನ ಬಿಡಿಭಾಗಗಳನ್ನು ತರಿಸಿ ಇಲ್ಲಿ ಜೋಡಿಸತೊಡಗಿತು. ಬರಬರುತ್ತಾ ಇಲ್ಲೇ ತಯಾರಿಸತೊಡಗಿತು. 1952ರಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಶುರುವಾದ ಮೇಲೆ ಬ್ಲಾಕ್ ಆಫೀಸು ಎಂದರೆ ಜೀಪು ಎನ್ನುವಂತಾಯಿತು. ನಮ್ಮ ಜಿಲ್ಲೆಯ ಸಕಲೇಶಪುರದ ಕಾಫಿ ತೋಟಗಳ ಮಳೆಗಾಲದ ದಾರಿಗೂ ಅದೇ ಗಾಡಿ ಒಗ್ಗಿತು.

ಅತ್ತ ತವರಿನಲ್ಲಿ ವಿಲ್ಲೀಸ್ 1953ರಲ್ಲಿ ಕೈಸರ್ ಕಂಪನಿಗೆ ಮಾರಾಟವಾಯಿತು. 1963ರಲ್ಲಿ ಕಂಪನಿಯ ಹೆಸರಿನಿಂದ ವಿಲ್ಲೀಸ್ ಎಂಬ ಪದವೂ ಹೋಯಿತು. ಕೈಸರ್ 1970ರಲ್ಲಿ ಜೀಪನ್ನು ಅಮೆರಿಕನ್ ಮೋಟಾರ್ಸ್‌ಗೆ ಕೊಟ್ಟಿತು. ಅದೂ ನಿಲ್ಲದೆ 1987ರಲ್ಲಿ ಕ್ರೈಸ್ಲರ್ ಪಾಲಾಯಿತು. ಒಡೆಯರು ಒಬ್ಬರ ಹಿಂದೆ ಒಬ್ಬರು ಹೋದರು. ಗಾಡಿ ಮಾತ್ರ ಓಡುತ್ತಲೇ ಇತ್ತು.

ಈ ಕಥೆಯನ್ನು ಈಗ ಹೇಳಲು ಕಾರಣವಿದೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗಲೆಲ್ಲ ತಂದೆತಾಯಂದಿರು ಶಾಲೆಗೆ ಬರುತ್ತಾರೆ. "ಮೇಷ್ಟ್ರೇ, ಯಾವುದು ಓದಿಸಿದ್ರೆ ಕೆಲ್ಸ ಗ್ಯಾರಂಟಿ? ಯಾವ ಕಂಪ್ನಿ ಸೇರಿದ್ರೆ ಭದ್ರ?" ತೆಂಗಿಗೆ ನುಸಿ, ರೋಗ ಬಂದು ಇಳುವರಿ ಕಂಡವರು ಅವರು, ಭದ್ರತೆ ಕೇಳುವುದರಲ್ಲಿ ತಪ್ಪೇನಿದೆ? ಆದರೆ ಹಾಗೆ ಭದ್ರವೆಂದು ನಂಬಿ ಬೆಂಗಳೂರು ಕಡೆಯ ಒಂದು ಕಾರ್ಖಾನೆಗೆ ಸೇರಿದ ನನ್ನ ಶಿಷ್ಯನೊಬ್ಬ, ಅದು ಬಾಗಿಲು ಹಾಕಿದಾಗ ಮೂವತ್ತೆಂಟನೇ ವಯಸ್ಸಿಗೆ ಹೆಂಡತಿ, ಇಬ್ಬರು ಮಕ್ಕಳೊಂದಿಗೆ ಊರಿಗೆ ವಾಪಸಾದ. ಅವನ ಅಪ್ಪ ಎರಡು ತಿಂಗಳು ಸಂತೆಗೆ ಹೋಗಲಿಲ್ಲ. ಜನ ಕೇಳುತ್ತಾರಲ್ಲ ಎಂಬ ಸಂಕೋಚ. ಮಗ ಮಾತ್ರ ರಸ್ತೆ ಬದಿಯಲ್ಲಿ ಒಂದು ಶೆಡ್ ಹಾಕಿ ಟ್ರ್ಯಾಕ್ಟರು, ಪಂಪ್‌ಸೆಟ್ಟು ರಿಪೇರಿಗೆ ಕೂತ. ಕಾರ್ಖಾನೆ ಮುಚ್ಚಿತ್ತು, ಅಲ್ಲಿ ಕಲಿತ ಕೈ ಮುಚ್ಚಿರಲಿಲ್ಲ. ಈಗ ಅವನ ಹತ್ತಿರ ಇಬ್ಬರು ಹುಡುಗರು ಕೆಲಸ ಕಲಿಯುತ್ತಿದ್ದಾರೆ. ಅಪ್ಪ ಶೆಡ್ಡಿನ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ.

ನಮ್ಮ ಮನೆಮನೆಯ ಕೈಗಡಿಯಾರವಾಗಿದ್ದ ಎಚ್ಎಂಟಿ ವಾಚಿನ ಕಂಪನಿಯನ್ನೇ ಮುಚ್ಚಲು 2016ರಲ್ಲಿ ತೀರ್ಮಾನವಾಯಿತು. ಇನ್ನು ಯಾವ ಕಂಪನಿಗೆಂದು ಮೇಷ್ಟ್ರು ಜಾಮೀನು ನಿಲ್ಲಲಿ? ಹಾಗಾಗಿ ಪೋಷಕರಿಗೆ ನಾನು ಹೇಳುವುದಿಷ್ಟು: ಕಂಪನಿಯ ಹೆಸರು ಕೇಳುವ ಮೊದಲು, ಅಲ್ಲಿ ಮಗ ಅಥವಾ ಮಗಳು ಏನು ಕಲಿಯುತ್ತಾರೆ ಎಂದು ಕೇಳಿ. ಮಕ್ಕಳಿಗೆ ಹೇಳುವುದು ಇನ್ನೂ ಸುಲಭ: ಈ ರಜೆಯಲ್ಲಿ ಚನ್ನರಾಯಪಟ್ಟಣದ ಯಾವುದಾದರೂ ಗ್ಯಾರೇಜಿಗೆ ಹೋಗಿ, ಮೇಸ್ತ್ರಿಯ ಅಪ್ಪಣೆ ಪಡೆದು, ಹಳೆಯ ಜೀಪೊಂದರ ಅಡಿಗೆ ಬಗ್ಗಿ ನೋಡಿ. ಎಂಜಿನ್ನಿನಿಂದ ಹೊರಟ ಶಕ್ತಿ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಯಾವ ದಾರಿಯಲ್ಲಿ ಹೋಗುತ್ತದೆ ಎಂದು ಚಿತ್ರ ಬರೆದುಕೊಂಡು ಬನ್ನಿ. ಕೈ ಮಸಿಯಾದರೆ ಆಗಲಿ, ಸೋಪು ಇದೆ.