ಮುಂದಿನ ಬ್ರೇಕಿನ ಮೀಮಾಂಸೆ

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು, ಈ ನಾಲ್ಕೂ ಊರಿನ ಹಿರಿಯರು ರಾಜಕೀಯದಲ್ಲಾಗಲಿ, ಮುದ್ದೆಗೆ ಬಸ್ಸಾರು ಮೇಲೋ ಮಸೊಪ್ಪು ಮೇಲೋ ಎಂಬ ಗಹನ ವಿಚಾರದಲ್ಲಾಗಲಿ ಒಮ್ಮತಕ್ಕೆ ಬಂದದ್ದನ್ನು ನಾನು ಕಂಡಿಲ್ಲ. ಆದರೆ ಬೈಕಿನ ಮುಂದಿನ ಬ್ರೇಕು ಹಿಡಿದವನು ಪಲ್ಟಿ ಹೊಡೆದು ಮೂತಿ ಒಡೆದುಕೊಳ್ಳುವುದು ಶತಸ್ಸಿದ್ಧ ಎಂಬುದರಲ್ಲಿ ಮಾತ್ರ ಎಲ್ಲರದೂ ಏಕಾಭಿಪ್ರಾಯ.

ನನಗೆ ಗಾಡಿ ಕಲಿಸಿದ ಚಿಕ್ಕಪ್ಪ ಈ ಸಿದ್ಧಾಂತದ ಪರಮಾಚಾರ್ಯರು. ಅವರದು ಎಜ್ಡಿ, 1961ರಲ್ಲಿ ಮೈಸೂರಿನಲ್ಲಿ ಶುರುವಾದ ಐಡಿಯಲ್ ಜಾವಾ ಕಾರ್ಖಾನೆಯದು; ಒಂದೇ ಕಡ್ಡಿಯನ್ನು ಹಿಂದಕ್ಕೆ ಮಡಚಿದರೆ ಕಿಕ್ಕರು, ಮುಂದಕ್ಕೆ ತಂದರೆ ಗೇರು ಎಂಬ ಮಿತವ್ಯಯದ ಗಾಡಿ. ಎರಡೂ ಚಕ್ರಕ್ಕೆ ಡ್ರಮ್ಮು. ಮುಂದಿನದಕ್ಕೆ ಹ್ಯಾಂಡಲಿನಿಂದ ಇಳಿದು ಬರುವ ಒಂದು ವೈರು. ಯಾರಾದರೂ ಮೈಮರೆತು ಹಿಡಿದಾರೆಂದು ಆ ವೈರನ್ನು ಚಿಕ್ಕಪ್ಪ ಬೇಕೆಂದೇ ಸಡಿಲ ಬಿಟ್ಟಿದ್ದರು. ಬೆಳಗಿನ ಜಾವ ರೇಷ್ಮೆಗೂಡಿನ ಮೂಟೆ ಕಟ್ಟಿ ಶಿಡ್ಲಘಟ್ಟದ ಮಾರುಕಟ್ಟೆಗೆ ಹೊರಟರೆ ಅವರಿಗೆ ತಡೆಯೇ ಇರುತ್ತಿರಲಿಲ್ಲ, ಎರಡೂ ಅರ್ಥದಲ್ಲಿ. ಗೂಡು ಅಂದರೆ ಕಾಯುವ ಪದಾರ್ಥವಲ್ಲ. ದಿನ ಮೀರಿದರೆ ಒಳಗಿನ ಕೋಶ ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಹೊರಬಂದುಬಿಡುತ್ತದೆ, ಆಮೇಲೆ ಅದರಿಂದ ಬಿಡಿಸಲು ಉದ್ದನೆಯ ನೂಲೇ ಇರುವುದಿಲ್ಲ. ಹಾಗಾಗಿ ಚಿಕ್ಕಪ್ಪ ಕಾಲಿನ ಬ್ರೇಕು, ಗೇರು, ಎರಡು ಚಪ್ಪಲಿ ಮತ್ತು ದೊಡ್ಡ ಗಂಟಲು, ಇಷ್ಟರಿಂದಲೇ ಗಾಡಿ ನಿಲ್ಲಿಸುತ್ತಿದ್ದರು. ಮೂಟೆಯ ಮೇಲೆ ಕೂತ ನಾನು ಕಣ್ಣು ಮುಚ್ಚಿ ಕೈವಾರ ತಾತಯ್ಯನವರನ್ನು ನೆನೆಯುತ್ತಿದ್ದೆ.

ಭೌತಶಾಸ್ತ್ರ ಮಾತ್ರ ಚಿಕ್ಕಪ್ಪನ ಮಾತು ಕೇಳುವುದಿಲ್ಲ. ಬ್ರೇಕು ಬಿದ್ದೊಡನೆ ಗಾಡಿಯ ಭಾರ, ಅದರೊಟ್ಟಿಗೆ ನನ್ನ ಲಂಬೋದರವೂ, ಮುಂದಕ್ಕೆ ವಾಲುತ್ತದೆ. ಮುಂದಿನ ಟೈರು ನೆಲವನ್ನು ಅದುಮಿ ಹಿಡಿಯುತ್ತದೆ, ಹಿಂದಿನದು ಹಗುರಾಗಿ ಜಾರಲು ನೆಪ ಹುಡುಕುತ್ತದೆ. ನಿಲ್ಲಿಸುವ ಕೆಲಸದ ಬಹುಪಾಲು ಮುಂದಿನ ಚಕ್ರದ್ದೇ. ಬೀಳುವುದು ಮುಂದಿನ ಬ್ರೇಕು ಹಿಡಿದದ್ದಕ್ಕಲ್ಲ, ಮರಳಿನ ಮೇಲೋ ಚಿಂತಾಮಣಿ ರಸ್ತೆಯಲ್ಲಿ ಚೆಲ್ಲಿದ ಟೊಮೆಟೊ ಮೇಲೋ ಗಬಕ್ಕನೆ ಹಿಡಿದದ್ದಕ್ಕೆ. ಇದನ್ನು ಚಿಕ್ಕಪ್ಪನಿಗೆ ವಿವರಿಸಲು ಹೋದರೆ, "ಓದಿದೋನು ನೀನು, ಮೂತಿ ನಿಂದು" ಎಂದುಬಿಟ್ಟರು.

ಇಷ್ಟು ಪೀಠಿಕೆ ಯಾಕೆಂದರೆ ಈಚೆಗೆ ನನ್ನ ಗಾಡಿಯ ಮುಂದಿನ ಬ್ರೇಕಿನ ಲಿವರು ಮೆತ್ತಗಾಯಿತು. ನಂದಿಬೆಟ್ಟ 1478 ಮೀಟರ್ ಎತ್ತರ. ಹತ್ತುವಾಗ ಅದು ಎಂಜಿನ್ನಿನ ಚಿಂತೆ, ಇಳಿಯುವಾಗ ಪೂರ್ತಿ ನಮ್ಮದೇ. ಸ್ಪ್ಯಾನರಿಗೆ ತೆಲುಗಿನಲ್ಲಿ ಬೈದು ಗಿರಾಕಿಗೆ ಕನ್ನಡದಲ್ಲಿ ಉತ್ತರ ಕೊಡುವ ನಮ್ಮ ಮೆಕ್ಯಾನಿಕ್ಕು ಕೂತಲ್ಲಿಂದಲೇ ಹೇಳಿದ: "ಪೈಪು ಹೋಗೈತೆ ಸಾರ್, ಸಣ್ಣ ಬಿರುಕು ಬಿಟ್ಟೈತೆ ನೋಡಿ. ಕಂಪನಿದು ಹಾಕ್ಲಾ, ಲೋಕಲ್ ಹಾಕ್ಲಾ, ಸ್ಟೀಲ್ ಹಾಕ್ಲಾ?" ಹೆಣ್ಣು ನೋಡಲು ಹೋದಾಗಲೂ ಇಷ್ಟು ಆಯ್ಕೆ ಇರದಿದ್ದ ನಾನು ಅಲ್ಲೇ ಬೆಂಚಿನ ಮೇಲೆ ಕುಸಿದೆ. ಟೀ ಬಂತು.

ಲೋಕಲ್ ಎಂಬುದನ್ನು ಮೊದಲೇ ತಳ್ಳಿಹಾಕಿದೆ; ಲೋಕಲ್ ನಾನೊಬ್ಬನೇ ಸಾಕು. ಉಳಿದದ್ದು ರಬ್ಬರು, ಸ್ಟೀಲು. ಮುಚ್ಚಿದ ದ್ರವದ ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹೋಗುತ್ತದೆ ಎಂದು 17ನೇ ಶತಮಾನದ ಫ್ರಾನ್ಸಿನಲ್ಲಿ ಪ್ಯಾಸ್ಕಲ್ ಕಂಡುಕೊಂಡ. ಇಲ್ಲೇ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ಖಡಕ್‌ವಾಸ್ಲಾ ಕಟ್ಟೆಗೆ 1903ರಲ್ಲಿ ತಾವಾಗಿ ತೆರೆದು ಮುಚ್ಚುವ ಬಾಗಿಲು ಹಾಕಿಸಿ ನೀರಿನ ಒತ್ತಡವನ್ನೇ ಆಳಿಗಿಟ್ಟುಕೊಂಡರು. ಅಂಥ ನೆಲದಲ್ಲಿ ಹುಟ್ಟಿ ಗೇಣುದ್ದದ ಪೈಪಿನ ದ್ರವಕ್ಕೆ ತಲೆ ಕೆಡಿಸಿಕೊಳ್ಳುವುದು ಅವಮಾನವೇ. ಆದರೆ ಮುದಿಯಾದ ರಬ್ಬರು ಪೈಪು ಚಿಂತಾಮಣಿ ಮಂಡಿಯ ದಳ್ಳಾಳಿಯ ಹಾಗೆ: ಬೆರಳು ಕೊಟ್ಟ ಎಳೆತದಲ್ಲಿ ತಾನೊಂದಿಷ್ಟು ನುಂಗಿ, ಉಬ್ಬಿ, ಮಿಕ್ಕಿದ್ದನ್ನಷ್ಟೇ ಪ್ಯಾಡಿಗೆ ಮುಟ್ಟಿಸುತ್ತದೆ. ಕೆಲವೊಮ್ಮೆ ಒಳಗೋಡೆ ಊದಿಕೊಂಡು, ಹೋದ ಎಣ್ಣೆಯನ್ನು ಹಿಂದಕ್ಕೂ ಬಿಡದೆ, ಲಿವರು ಬಿಟ್ಟ ಮೇಲೂ ಬ್ರೇಕು ಕಚ್ಚಿಕೊಂಡೇ ಇರುತ್ತದೆ.

ಸ್ಟೀಲು ಅಂದರೆ ಪೂರ್ತಿ ಸ್ಟೀಲಲ್ಲ. ಒಳಗೆ ಟೆಫ್ಲಾನ್ ಕೊಳವೆ, ಅದು ಉಬ್ಬದಂತೆ ಮೇಲೆ ಉಕ್ಕಿನ ಎಳೆಗಳ ಜಡೆ. ಟೆಫ್ಲಾನ್ ಹುಟ್ಟಿದ್ದು 1938ರ ಏಪ್ರಿಲ್ 6ರಂದು. ನ್ಯೂಜೆರ್ಸಿಯ ಪ್ರಯೋಗಶಾಲೆಯಲ್ಲಿ ರಾಯ್ ಪ್ಲಂಕೆಟ್ ಸಿಲಿಂಡರಿನ ತಿರುಪು ಬಿಚ್ಚಿದರೆ ಗ್ಯಾಸು ಬರಲಿಲ್ಲ, ಕೊಯ್ದು ನೋಡಿದರೆ ಒಳಗೆ ಬಿಳೀ ಪುಡಿ. ಅದೇ ತಿಂಗಳು 25ಕ್ಕೆ ನಮ್ಮ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಬಾವುಟ ಹಾರಿಸಲು ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅಶ್ವತ್ಥಮರದೂರಿನ ಯಾರಿಗೂ ಆ ಬಿಳೀ ಪುಡಿಯ ಸುದ್ದಿ ಬೇಕಿರಲಿಲ್ಲ. ಬ್ರೇಕಿನ ಪೈಪಿಗೂ ಇದಕ್ಕೂ ಸಂಬಂಧವೇನೆಂದರೆ, ಏನೂ ಇಲ್ಲ, ಮುಂದಕ್ಕೆ ಹೋಗೋಣ.

ಅಷ್ಟರಲ್ಲಿ ಬೆಂಗಳೂರಿಂದ ನಂದಿಗೆ ಸೂರ್ಯೋದಯ ನೋಡಲು ಬಂದು, ಮಂಜು ಮಾತ್ರ ನೋಡಿ, ಚೈನು ಬಿಗಿ ಮಾಡಿಸಲು ಇಳಿದ ಯುವಕನೊಬ್ಬ, "ಅಂಕಲ್, ಸ್ಟೀಲ್ ಹಾಕ್ಸಿ, ಅರ್ಧ ದೂರಕ್ಕೇ ನಿಲ್ಲುತ್ತೆ" ಎಂದ. ಏನನ್ನೂ ಪ್ರಶ್ನಿಸದೆ ಒಪ್ಪಬೇಡಿ ಎಂದು ಜೀವಮಾನವಿಡೀ ಹೇಳಿದ ಎಚ್. ನರಸಿಂಹಯ್ಯನವರು ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. ಅವರ ಗಾಳಿ ಸ್ವಲ್ಪ ನನಗೂ ತಾಕಿರಬೇಕು. ಹೊಸ ರಬ್ಬರು ಪೈಪೂ ಚಕ್ರವನ್ನು ಜಾಮ್ ಮಾಡುವಷ್ಟು ಒತ್ತಡ ಕೊಡುತ್ತದೆ ಎಂದ ಮೇಲೆ ಎಷ್ಟು ದೂರಕ್ಕೆ ನಿಲ್ಲುತ್ತೇನೆಂಬುದನ್ನು ತೀರ್ಮಾನಿಸುವುದು ಟೈರು, ರಸ್ತೆ ಮತ್ತು ನನ್ನ ಬೆರಳು. ಸ್ಟೀಲು ಕೊಡುವುದು ಲಿವರಿನ ಗಟ್ಟಿತನ. ಎಷ್ಟು ಹಿಡಿದೆ ಎಂಬುದು ಬೆರಳಿಗೆ ಸ್ಪಷ್ಟ ಗೊತ್ತಾಗುತ್ತದೆ, ಸಂತೋಷ. ಆದರೆ ಮೇಲ್ಹೊದಿಕೆ ಇಲ್ಲದಿದ್ದರೆ ಅದರ ಜಡೆ ತಾಕಿದ ಕಡೆಯೆಲ್ಲ ಪೇಂಟನ್ನು ಅರದಿಂದ ತಿಕ್ಕಿದಂತೆ ಕಿತ್ತುಹಾಕುತ್ತದೆ.

ಮೆಕ್ಯಾನಿಕ್ಕು ಬುದ್ಧಿವಂತ. "ಪೈಪು ಯಾವ್ದಾನಾ ಇರ್ಲಿ ಸಾರ್, ಉದ್ದ ಸರಿಯಾಗಿರ್ಬೇಕು" ಎಂದು ಹ್ಯಾಂಡಲನ್ನು ಆ ತುದಿಗೂ ಈ ತುದಿಗೂ ತಿರುಗಿಸಿ ತೋರಿಸಿದ. ಫೋರ್ಕು ಪೂರ್ತಿ ಚಾಚಿದಾಗಲೂ ಪೈಪು ಬಿಗಿಯಬಾರದು, ಕುಗ್ಗಿದಾಗ ಮಡ್‌ಗಾರ್ಡಿಗೆ ಉಜ್ಜಬಾರದು, ಎರಡೂ ತುದಿಯ ಬಳೆ ಸರಿಯಾದ ಕೋನಕ್ಕೆ ಕೂರಬೇಕು. ನಾವೆಲ್ಲ ಬಣ್ಣ ನೋಡುತ್ತೇವೆ. ಅವನು ಕೋನ ನೋಡುತ್ತಾನೆ.

ಕೊನೆಗೆ ಕಂಪನಿಯ ರಬ್ಬರನ್ನೇ ಆರಿಸಿದೆ. ಹಾಲಿನ ಕ್ಯಾನು ತೂಗಿಕೊಂಡು ಹೋಗುವವರನ್ನೂ ಹಿಂದೆ ಹಾಕಲಾಗದ ನನ್ನ ವೇಗಕ್ಕೆ ಅದು ಧಾರಾಳ. ನಾಲ್ಕು ವರ್ಷಕ್ಕೊಮ್ಮೆ ಬದಲಿಸಿ ಎಂದು ಕೆಲವು ಕಂಪನಿಗಳ ಕೈಪಿಡಿಯೇ ಹೇಳುತ್ತದೆ, ಆ ಪುಸ್ತಕವನ್ನು ಓದುವವರು ಇದ್ದರೆ. ಉಳಿದ ದುಡ್ಡಿಗೆ ಸೀಲು ಒಡೆಯದ ಡಾಟ್ 4 ಎಣ್ಣೆ ತರಿಸಿದೆ. ಈ ಎಣ್ಣೆ ಗಾಳಿಯ ತೇವ ಹೀರುವ ಚಟದ್ದು. ಹೊಸದರಲ್ಲಿ 230 ಡಿಗ್ರಿ ಸೆಲ್ಸಿಯಸ್‌ವರೆಗೂ ಕುದಿಯದಿರಬೇಕೆಂದು ಕಟ್ಟಳೆ, ತೇವ ಕುಡಿದ ಮೇಲೆ 155ಕ್ಕೇ ಇಳಿಯಬಹುದು. ಬೆಟ್ಟ ಇಳಿಯುವಾಗ ಅದು ಕುದಿದು ಗುಳ್ಳೆಯೆದ್ದರೆ ಪೈಪು ಬಂಗಾರದ್ದಾದರೂ ಲಿವರು ಹ್ಯಾಂಡಲಿಗೆ ಬಂದು ಅಂಟಿಕೊಳ್ಳುತ್ತದೆ.

ಜಗಳವಾದದ್ದು ತಾಮ್ರದ ವಾಷರಿಗೆ. ಹಳೆಯದನ್ನೇ ಹಾಕುತ್ತೇನೆಂದ. ಒಮ್ಮೆ ಬಿಗಿದು ಚಪ್ಪಟೆಯಾದದ್ದು ಮತ್ತೆ ಸರಿಯಾಗಿ ಸೀಲಾಗದು, ಎಣ್ಣೆ ಒಸರುತ್ತದೆ ಎಂದು ನಾನು. ಹೊಸದರ ಬೆಲೆ ಅಷ್ಟರಲ್ಲಿ ನಾವಿಬ್ಬರೂ ಕುಡಿದಿದ್ದ ಟೀಗಿಂತ ಕಡಿಮೆ. ಹಾಕಿದ. "ಹಿಡೀರಿ ಸಾರ್, ಬಿಡಬೇಡಿ, ಈಗ ಬಿಡಿ" ಎಂದು ಏರು ತೆಗೆದ. ಲಿವರು ಗಟ್ಟಿಯಾಯಿತು. "ಹಿಂದಿಂದೂ ನೋಡ್ಲಾ ಸಾರ್?" ಎಂದ. ಹಿಂದಿನದು ಡ್ರಮ್ಮು; ಅದಕ್ಕಿರುವುದು ಕಬ್ಬಿಣದ ಕಡ್ಡಿ, ಪೈಪಿಲ್ಲ. ಹಾಗಾಗಿ ಪ್ರಬಂಧವೂ ಇಲ್ಲ.