ಗಜೇಂದ್ರಗಡದ ಹುಡುಗಿಗೂ ಒಂದು ಕಾದಂಬರಿ ಬೇಕು

ವಸುಧೇಂದ್ರರ ‘ಮೋಹನಸ್ವಾಮಿ’ 2013ರಲ್ಲಿ ಬಂತು. ಗಂಡು ಗಂಡನ್ನೇ ಪ್ರೀತಿಸುವ ಕತೆಗಳನ್ನು ಕನ್ನಡದ ಓದುಗ ಬರಮಾಡಿಕೊಂಡ. ಮಲಯಾಳದಲ್ಲಿ ವಿ.ಟಿ. ನಂದಕುಮಾರ್ ಅವರ ‘ರಂಡು ಪೆಣ್‌ಕುಟ್ಟಿಕಳ್’ ಇಬ್ಬರು ಹುಡುಗಿಯರ ಪ್ರೀತಿಯ ಕಾದಂಬರಿ. 1978ರಷ್ಟು ಹಿಂದೆಯೇ ಅದು ಸಿನಿಮಾ ಕೂಡ ಆಯಿತು. ಹದಿನಾರು ಹದಿನೇಳರ ಹುಡುಗಿಯ ಕೈಗೆ ಧೈರ್ಯವಾಗಿ ಕೊಡಬಹುದಾದ ಅಂಥದೊಂದು ಕನ್ನಡ ಕಾದಂಬರಿಗೆ ನಾನು ಕಾಯುತ್ತಿದ್ದೇನೆ.

ಅದು ಬೆಂಗಳೂರಿನ ಕಾಫಿ ಅಂಗಡಿಯಲ್ಲಿ ನಡೆಯುವುದು ಬೇಡ. ಗಜೇಂದ್ರಗಡದಿಂದ ರೋಣಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ನಡೆಯಲಿ. 2023ರ ಜೂನ್‌ನಿಂದ ಸರ್ಕಾರಿ ಬಸ್ಸು ಹೆಂಗಸರಿಗೆ ಉಚಿತ, ಹುಡುಗಿಯರಿಗೆ ಟಿಕೆಟ್ಟಿನ ಚಿಂತೆಯಿಲ್ಲ. ಇಬ್ಬರು ಗೆಳತಿಯರು ಒಂದೇ ಇಯರ್‌ಫೋನಿನ ಎರಡು ತುದಿ ಹಂಚಿಕೊಂಡು ಕೂತಿದ್ದಾರೆ. ಒಬ್ಬಳು ತನ್ನ ಮಲ್ಲಿಗೆ ಮಾಲೆಯನ್ನು ಹಲ್ಲಿನಿಂದಲೇ ಕಡಿದು ಅರ್ಧ ಇನ್ನೊಬ್ಬಳ ಜಡೆಗೆ ಸಿಗಿಸುತ್ತಾಳೆ. ಕಂಡಕ್ಟರ್ ನೋಡುತ್ತಾನೆ, ಊರವರು ನೋಡುತ್ತಾರೆ, ಯಾರಿಗೂ ಏನೂ ಅನಿಸುವುದಿಲ್ಲ. ನಮ್ಮ ಕಡೆ ಹುಡುಗಿಯರು ಕೈ ಹಿಡಿದು ನಡೆದರೆ ಕೇಳುವವರಿಲ್ಲ. ಹುಡುಗನ ಜೊತೆ ನಿಂತರೆ ಮಾತ್ರ ಸುದ್ದಿ ನರಗುಂದ ಮುಟ್ಟುತ್ತದೆ.

ಆದರೆ ಗೆಳತಿಯನ್ನೇ ಪ್ರೀತಿಸುವ ಹುಡುಗಿ ಈ ಸಲಿಗೆಯೊಳಗೇ ಒಬ್ಬಂಟಿ. ಯಾರೂ ಸಂಶಯಪಡದ ಪ್ರೀತಿಯನ್ನು ಯಾರೂ ಗುರುತಿಸುವುದೂ ಇಲ್ಲ. ‘ಗೆಳತಿ ಮದಿವಿ ಗೊತ್ತಾತು, ನಿನಗ ಖುಷಿ ಇಲ್ಲೇನವಾ?’ ಅಂತ ಅವ್ವ ಕೇಳಿದಾಗ ಆಕೆ ಏನು ಹೇಳಬೇಕು? ವಯಸ್ಕರ ಸಲಿಂಗ ಪ್ರೀತಿ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದೇ ಹೇಳಿದೆ. ಆ ತೀರ್ಪು ಅವ್ವನ ಅಡುಗೆಮನೆಗೆ ಇನ್ನೂ ಬಂದಿಲ್ಲ.

ಬರೆಯುವವರೇ, ದಯವಿಟ್ಟು ಆ ಹುಡುಗಿಯರನ್ನು ಕೊನೆಯ ಪುಟದಲ್ಲಿ ಬಾವಿಗೆ ಹಾಕಬೇಡಿ. ಪಿಯುಸಿ ಪಾಸು ಮಾಡಿಸಿ, ಧಾರವಾಡಕ್ಕೆ ಕಳಿಸಿ.